ನೀರು ಹದವಾಗುವವರೆಗೆ

"ತಪ್ಪು ತಿಳ್ಕೋಬೇಡಿ. ನಿಮ್ಮ ಮನೇಲಿ ಯಾರಾದ್ರೂ ಅಳ್ತಾ ಇದಾರಾ?"

ಬಾಗಿಲಲ್ಲಿ ನಿಂತಿದ್ದವರು ಕೆಳಗಿನ ಮನೆಗೆ ಹೊಸದಾಗಿ ಬಂದಿದ್ದ ಕೆಮಿಸ್ಟ್ರಿ ಮೇಷ್ಟ್ರು. ಬಾಗಿಲು ತೆರೆದ ಅವಳು ಆಗತಾನೇ ಕನ್ನಡಕದ ಅಂಗಡಿಯಿಂದ ಬಂದಿದ್ದಳು. ಬೆಳಗಿನಿಂದ ಸಂಜೆವರೆಗೆ ಕಂಡವರ ಕಣ್ಣು ಪರೀಕ್ಷಿಸುವ ಕೆಲಸ. ಆದರೂ ಒಬ್ಬರ ಕಣ್ಣನ್ನು ಸುಮ್ಮನೆ ನೋಡಿ ಎಷ್ಟೋ ಕಾಲವಾಗಿತ್ತು.

"ಯಾರೂ ಇಲ್ಲ. ಅದು ಮೀನಿನ ತೊಟ್ಟಿ ಪಂಪು. ಸದ್ದು ಕೆಳಗೂ ಕೇಳ್ಸುತ್ತಾ?"

"ಪಂಪಲ್ಲ," ಒಳಗಿನಿಂದ ಅತ್ತೆಯ ದನಿ ಬಂತು. "ನನ್ನ ಮಗ ಉಸಿರಾಡ್ತಿರೋದು."

ಆ ಮಗ ಈಗಿಲ್ಲವೆಂದು ಕೇಳಿ ತಿಳಿದಿದ್ದ ಮೇಷ್ಟ್ರ ಮುಖ ಬಿಳುಚಿಕೊಂಡಿತು.

ಅವಳ ಗಂಡ ಹೋದದ್ದು ಇದ್ದಕ್ಕಿದ್ದಂತೆ, ಆಫೀಸಿನ ಮೇಜಿನ ಮೇಲೆ ತಲೆಯಿಟ್ಟು. ಅವಳಿಗೆಂದು ಗುಟ್ಟಾಗಿ ಆರ್ಡರ್ ಮಾಡಿದ್ದ ಅಕ್ವೇರಿಯಂ ಬಂದದ್ದು ಅವನನ್ನು ಮಣ್ಣು ಮಾಡಿದ ಮೇಲೆ. ಅವನ ಹೆಸರು ಹೊತ್ತ ಆ ಡಬ್ಬ ಬಹಳ ಕಾಲ ಬಾಗಿಲ ಹಿಂದೆಯೇ ಇತ್ತು. ಮೊನ್ನೆ ಅತ್ತೆಯೇ ಬಿಚ್ಚಿ, ನಲ್ಲಿ ನೀರು ತುಂಬಿಸಿ, ಅಂದೇ ಎರಡು ಗೋಲ್ಡ್‌ಫಿಶ್ ತಂದು ಬಿಟ್ಟಿದ್ದರು. ಅಂದಿನಿಂದ ಅವನು ಮನೆಯಲ್ಲಿ ಓಡಾಡತೊಡಗಿದ. ಅತ್ತೆ ಮೀನಿಗೆ ಕಾಳು ಹಾಕುತ್ತಾ "ಇನ್ನೊಂದು ತುತ್ತು, ಮಗಾ" ಎನ್ನುತ್ತಿದ್ದರು. ಮುಸ್ಸಂಜೆಯ ಮಬ್ಬಿನಲ್ಲಿ ಅವಳಿಗೂ ಬೆನ್ನ ಹಿಂದೆ ಯಾರೋ ಅಂಗಿ ಕಳಚಿ ಕುರ್ಚಿಗೆ ಹಾಕಿದಂತಾಗುತ್ತಿತ್ತು. ತಿರುಗಿದರೆ ಕುರ್ಚಿ ಖಾಲಿ.

ಮೇಷ್ಟ್ರು ಮೆಲ್ಲಗೆ ಒಳಬಂದು ತೊಟ್ಟಿಯ ಮುಂದೆ ಕುಕ್ಕರಗಾಲಲ್ಲಿ ಕೂತರು. ಮೀನುಗಳು ಮೇಲೆ ಬಂದು ಬಾಯಿ ತೆರೆಯುತ್ತಿದ್ದವು, ಮುಚ್ಚುತ್ತಿದ್ದವು.

"ಅವಕ್ಕೆ ಉಸಿರು ಕಟ್ತಾ ಇದೆ."

"ನೀರು ಕನ್ನಡಿ ಥರಾ ಇದೆಯಲ್ಲ?"

"ಕಣ್ಣಿಗೆ ಕಾಣದ ವಿಷ ಅದು."

ಮೇಷ್ಟ್ರು ಕೆಳಗೆ ಹೋಗಿ ಪುಟ್ಟ ಗಾಜಿನ ನಳಿಕೆ, ಔಷಧಿಯ ಸೀಸೆಗಳನ್ನು ತಂದರು. ನಳಿಕೆಗೆ ತುಂಬಿಕೊಂಡ ತೊಟ್ಟಿಯ ನೀರಿಗೆ ಔಷಧಿಯ ಹನಿ ಬಿದ್ದು ಸ್ವಲ್ಪ ಹೊತ್ತಿಗೆ ಅದು ಹಸಿರಾಯಿತು. "ಇದು ಅಮೋನಿಯಾ. ಮೀನಿನ ಹೊಲಸು, ತಿನ್ನದೆ ಬಿಟ್ಟ ಕಾಳು, ಎಲ್ಲಾ ಕೊಳೆತು ಆಗೋದು. ಇದನ್ನ ತಿಂದು ಹಾಕೋ ಬ್ಯಾಕ್ಟೀರಿಯಾ ಹೊಸ ತೊಟ್ಟೀಲಿ ಇನ್ನೂ ಹುಟ್ಟಿರಲ್ಲ. ಅವು ಬೆಳೆಯೋವರೆಗೆ ದಿನಾ ಸ್ವಲ್ಪ ನೀರು ಬದಲಾಯಿಸ್ಬೇಕು. ನಲ್ಲಿ ನೀರಾದ್ರೆ ಮೊದಲು ಕ್ಲೋರಿನ್ ತೆಗೀಬೇಕು."

"ಎಷ್ಟು ದಿನ?"

"ಹನಿ ಹಾಕಿದ್ಮೇಲೂ ನಳಿಕೆ ನೀರು ಹಸಿರಾಗದೆ ಹಳದಿಯಾಗೇ ಉಳಿಯೋವರೆಗೆ. ಅವಸರ ಮಾಡಿದ್ರೆ ಆಗಲ್ಲ."

ಅವರು ದಿನವೂ ಬರತೊಡಗಿದರು. ಅವಳು ಬಕೆಟ್ ಹಿಡಿಯುವಳು, ಅವರು ಪೈಪು. ಒಂದು ಸಂಜೆ ನಳಿಕೆಯನ್ನು ತೋಳುದ್ದ ದೂರ ಹಿಡಿದು ಬಣ್ಣ ನೋಡುತ್ತಿದ್ದ ಮೇಷ್ಟ್ರನ್ನು ಕಂಡು ಅವಳಿಗೆ ನಗು ತಡೆಯಲಿಲ್ಲ.

"ನಿಮಗೆ ಹತ್ತಿರದ್ದು ಕಾಣಿಸಲ್ಲ. ಅಂಗಡಿಗೆ ಬನ್ನಿ, ಕನ್ನಡಕ ಕೊಡ್ತೀನಿ."

ಅವರು ನಳಿಕೆ ಇಳಿಸಿದರು. ಅವರ ನೋಟ ಅವಳ ಹಣೆಗೆ ಅಂಟಿದ್ದ ಒದ್ದೆ ಕೂದಲಿನಿಂದ ಇಳಿದು ಅವಳ ಕಣ್ಣಿನಲ್ಲಿ ಬಂದು ನಿಂತಿತು. "ಹತ್ತಿರದ್ದು ಚೆನ್ನಾಗೇ ಕಾಣಿಸ್ತಿದೆ."

ಅವಳ ಕಿವಿ ಬಿಸಿಯಾಯಿತು. ನೋಟ ತಪ್ಪಿಸಲು ಗಾಜಿನ ಕಡೆ ತಿರುಗಿದಳು. ಅದರಲ್ಲಿ ಅವರಿಬ್ಬರ ಮುಖಗಳು. ನಡುವೆ, ಹಿಂದಿನಿಂದ, ಗಂಡನ ಮುಖ.

ಬಕೆಟ್ ಕೈಜಾರಿತು. ಹಿಂದೆ ನಿಂತಿದ್ದವರು ಅತ್ತೆ. ಮಗನಿಗೆ ತಾಯಿಯದೇ ಹುಬ್ಬು, ತಾಯಿಯದೇ ಹಣೆ.

ಬೆಳಿಗ್ಗೆ ಒಂದು ಮೀನು ತೇಲುತ್ತಿತ್ತು.

"ನೀವಿಬ್ರೂ ನಗ್ತಿದ್ರಿ," ಅತ್ತೆ ಅಂದರು. "ಅವನು ಎದ್ದು ಹೋದ."

ಅಂದು ಅವಳು ಬಾಗಿಲು ಪೂರ್ತಿ ತೆರೆಯಲಿಲ್ಲ. "ಇನ್ಮೇಲೆ ಬರ್ಬೇಡಿ ಮೇಷ್ಟ್ರೇ." ಅವರು ನಳಿಕೆ, ಸೀಸೆಗಳನ್ನು ಹೊಸ್ತಿಲ ಮೇಲಿಟ್ಟು ಇಳಿದುಹೋದರು.

ಉಳಿದೊಂದು ಮೀನಿಗಾಗಿ ಅವಳು ಒಬ್ಬಳೇ ನೀರು ಹೊತ್ತಳು. ವಾರಗಳು ಕಳೆದವು. ಮೆಟ್ಟಿಲ ಮೇಲೆ ಮೇಷ್ಟ್ರ ಹೆಜ್ಜೆ ಕೇಳಿದಾಗಲೆಲ್ಲ ಕೈ ತಾನಾಗಿ ನಿಲ್ಲುತ್ತಿತ್ತು. ಕುರ್ಚಿಯ ಕಡೆಯಿಂದ ಯಾರೋ ಅದನ್ನೂ ನೋಡುತ್ತಿದ್ದಂತಿತ್ತು. ಒಂದು ಸಂಜೆ ಅವಳು ಆ ಖಾಲಿ ಕುರ್ಚಿಯ ಎದುರು ಕೂತು ಏನೋ ಪಿಸುಗುಟ್ಟಿದಳು, ಅತ್ತಳು. ಒಳಗೆ ಅತ್ತೆಯ ಪಾತ್ರೆಗಳ ಸದ್ದು ನಿಂತಿತು.

ಮರುದಿನ ಎದ್ದು ಬಂದರೆ ಅತ್ತೆಯೇ ನಳಿಕೆಗೆ ಹನಿ ಹಾಕುತ್ತಿದ್ದರು. ಕಾಳಿನ ಡಬ್ಬ ಕಪಾಟಿನ ತುದಿಗೆ ಹೋಗಿ ಕೂತಿತ್ತು.

"ಮೀನು ಮೀನೇ ಕಣೇ, ನಂಗೂ ಗೊತ್ತು," ಅತ್ತೆ ಅವಳತ್ತ ತಿರುಗದೆ ಹೇಳಿದರು. "ಅವನೇ ಅಂದ್ಕೊಂಡ್ರೆ ತುತ್ತು ಹಾಕೋಕೆ ಒಬ್ಬ ಇರ್ತಾನಲ್ಲ ಅಂತ. ಅದು ಸತ್ತಿದ್ದು ನಾನು ಸುರಿದ ಕಾಳಿಂದ. ನೀನು ನಕ್ಕಿದ್ದಕ್ಕಲ್ಲ." ನಳಿಕೆಯನ್ನು ಅವಳ ಕೈಗಿಟ್ಟರು. ಹಳದಿ, ಎಳೆ ಬಿಸಿಲಿನಂಥ ಹಳದಿ. "ಹೋಗಿ ತೋರ್ಸು ಅವ್ರಿಗೆ."

ಬಾಗಿಲು ತೆರೆದ ಮೇಷ್ಟ್ರು ನಳಿಕೆ ನೋಡಲಿಲ್ಲ, ಅವಳನ್ನೇ ನೋಡಿದರು.

"ನಮ್ಮನೆಯವ್ರು ಇನ್ನೂ ಮನೇಲಿದ್ದಾರೆ," ಅವಳು ಮೆಟ್ಟಿಲ ಮೇಲಕ್ಕೆ ನೋಡಿದಳು. "ಸಂಜೆ ಹೊತ್ತು ಬರ್ತಾರೆ. ನೀವು ಬಂದ್ಮೇಲೂ ಬರಬಹುದು."

"ಬರಲಿ. ನಾನು ಪಕ್ಕದಲ್ಲಿ ಕೂತಿರ್ತೀನಿ. ಹೆದರಿಕೆಯಾದ್ರೆ ಕೈ ಹಿಡ್ಕೊಳ್ಳಿ."

"ಹೆದರಿಕೆಯಲ್ಲ."

"ಮತ್ತೆ?"

"ನಿಮ್ಮನ್ನ ಇಷ್ಟಪಟ್ಟಿದ್ದೀನಿ ಅಂತ ಅವ್ರಿಗೆ ಹೇಳ್ಬಿಟ್ಟೆ," ಅಂದಳು. "ನಿಮಗೆ ಹೇಳೋದೊಂದು ಬಾಕಿ ಇತ್ತು."