ಏಳೂವರೆಯ ಬಸ್ಸಿನ ಸುದ್ದಿ

“ನಾಳಿಂದ ಈ ಬಸ್ಸು ಇಲ್ಲೆ ಬರಂಗಿಲ್ಲ, ತಂಗಿ.”

ಸಪ್ನಾ ಕೊನೆಯ ಬುತ್ತಿಯನ್ನು ಮೇಲಕ್ಕೆ ಚಾಚಿ ನಿಂತಿದ್ದಳು. ಕಂಡಕ್ಟರ್ ಅದನ್ನು ಇಸಿದುಕೊಂಡು ಡ್ರೈವರ್ ಸೀಟಿನ ಹಿಂದೆ, ಉಳಿದ ಬುತ್ತಿಗಳ ಪಕ್ಕದಲ್ಲಿ ಇಟ್ಟ.

“ಯಾಕ್ರಿ?”

“ಸವದತ್ತಿ ದಾರಿ ಮ್ಯಾಲಿನ ಬ್ರಿಜ್ ರಿಪೇರಿ ಮುಗೀತು. ಅದು ಬಂದ್ ಇತ್ತಂತ ನಿಮ್ಮ ಮುರಗೋಡ ಮ್ಯಾಲ ಸುತ್ತು ಹಾಕಿ ಬರತಿದ್ವಿ. ನಾಳಿಂದ ನಮ್ಮ ಹಳೇ ದಾರಿ. ನಿಮ್ಮ ಓಣಿ ಮಂದಿಗೆ ಹೇಳಿಬಿಡು.”

ಅವನು ಸೀಟಿ ಊದಿದ. ಬಸ್ಸು ಹೊರಟೇಹೋಯಿತು. ಸ್ಟಾಪಿನಲ್ಲಿ ಸಪ್ನಾ ಒಬ್ಬಳೇ ಉಳಿದಳು. ಅಂದರೆ ಈ ಸುದ್ದಿ ಇಡೀ ಊರಿನಲ್ಲಿ ಗೊತ್ತಿದ್ದದ್ದು ಐದನೇ ತರಗತಿಯ ಒಬ್ಬ ಹುಡುಗಿಗೆ ಮಾತ್ರ. ಅವಳಿಗೋ, ಅದು ಗೊತ್ತೇ ಆಗದಿದ್ದರೆ ಚೆನ್ನಾಗಿತ್ತು ಅನ್ನಿಸಿತು.

ಮುರಗೋಡದಿಂದ ರಾಮದುರ್ಗಕ್ಕೆ ಓದಲು ಹೋದ ಮಕ್ಕಳಿಗೆ ದಿನಾ ಬೆಳಿಗ್ಗೆ ಮನೆಯಿಂದ ಬುತ್ತಿ ಹೋಗುತ್ತದೆ. ರೊಟ್ಟಿ, ಪಲ್ಯ, ಶೇಂಗಾ ಚಟ್ನಿ ಡಬ್ಬಿಗೆ ತುಂಬಿ, ಬಟ್ಟೆ ಚೀಲದಲ್ಲಿಟ್ಟು, ಚೀಲದ ಮೇಲೆ ಹೆಸರು ಬರೆದು ಬಸ್ಸಿಗೆ ಕೊಟ್ಟರೆ ಮುಗಿಯಿತು. ಅಲ್ಲಿನ ಸ್ಟ್ಯಾಂಡಿನಲ್ಲಿ ಮಕ್ಕಳು ಕಾಯುತ್ತಾ ನಿಂತಿರುತ್ತಾರೆ. ಸಪ್ನಾಳ ಅಕ್ಕ ಐಶ್ವರ್ಯಾ ಕೂಡ ಹಾಗೆ ಕಾಯುವವರಲ್ಲಿ ಒಬ್ಬಳು. ಅವಳು ಬಾಡಿಗೆ ಖೋಲಿಯಲ್ಲಿ ಇದ್ದು ಕಾಲೇಜಿಗೆ ಹೋಗುತ್ತಾಳೆ. ಖೋಲಿಯಲ್ಲಿ ಒಲೆ ಹಚ್ಚಲು ಮಾಲೀಕರು ಬಿಡುವುದಿಲ್ಲ.

ಮೊದಲು ಬುತ್ತಿಗಳೆಲ್ಲ ಏಳರ ಬಸ್ಸಿಗೆ ಹೋಗುತ್ತಿದ್ದವು. ಆ ಬಸ್ಸು ಯಾರಾದರೂ ಕೈ ಮಾಡಿದರೆ ನಿಲ್ಲುತ್ತದೆ. ಯಾರೂ ಕೈ ಮಾಡದಿದ್ದರೂ ಒಮ್ಮೊಮ್ಮೆ ನಿಲ್ಲುತ್ತದೆ. ರಾಮದುರ್ಗ ಮುಟ್ಟುವ ಹೊತ್ತಿಗೆ ಒಂಬತ್ತೂಕಾಲು ಆಗಿ, ರೊಟ್ಟಿ ಹಪ್ಪಳದಂತೆ ಗಟ್ಟಿಯಾಗಿರುತ್ತಿತ್ತು.

ಮೂರು ವಾರದ ಹಿಂದೆ ಸಪ್ನಾ ಒಂದು ದಿನ ಏಳೂವರೆಗೆ ಬೇರೊಂದು ಬಸ್ಸು ಕಂಡಳು. ಮುಂದೆ ‘ರಾಮದುರ್ಗ’ ಎಂಬ ಬೋರ್ಡು. ಅದು ಹಳ್ಳಿಹಳ್ಳಿಗೆ ನಿಲ್ಲದೆ ಎಂಟೂಮುಕ್ಕಾಲಿಗೇ ಮುಟ್ಟುತ್ತದೆ ಎಂದು ಕೇಳಿ ತಿಳಿದುಕೊಂಡಳು. ಅವ್ವನಿಗೆ ಹೇಳಿದಳು. ಪಕ್ಕದ ಮನೆಯ ಕರೆವ್ವ ಆಯಿಗೆ ಹೇಳಿದಳು. ವಾರದೊಳಗೆ ಊರಿನ ಬುತ್ತಿಗಳೆಲ್ಲ ಏಳೂವರೆಗೆ ಹೋಗತೊಡಗಿದವು. ಹೆಂಗಸರಿಗೆ ಬೆಳಿಗ್ಗೆ ಅರ್ಧ ತಾಸು ಹೆಚ್ಚು ನಿದ್ದೆ. ಮಕ್ಕಳಿಗೆ ಮೆತ್ತನೆಯ ರೊಟ್ಟಿ. ಕರೆವ್ವ ಆಯಿ ಒಂದು ಶೇಂಗಾ ಉಂಡಿ ಕೊಟ್ಟು, “ಎಷ್ಟು ಶ್ಯಾಣ್ಯಾಕಿ ಅದಾಳ ನೋಡ್ರಿ ನಮ್ಮ ಸಪ್ನಾ” ಎಂದು ಓಣಿಗೆಲ್ಲ ಕೇಳುವಂತೆ ಹೇಳಿದ್ದಳು. ಅಂದಿನಿಂದ ಎಲ್ಲರ ಬುತ್ತಿ ಬಸ್ಸಿಗೆ ಏರಿಸುವ ಕೆಲಸವೂ ಸಪ್ನಾಳದೇ. ಅವಳಿಗೆ ಅದು ತುಂಬಾ ಇಷ್ಟದ ಕೆಲಸ.

ಈಗ ಮನೆಮನೆಗೆ ಹೋಗಿ ‘ಆ ಬಸ್ಸು ಇಲ್ಲ’ ಎನ್ನುವುದು ಹೇಗೆ? ಹುಡುಗಿ ಮಾತು ಕೇಳಿ ಕೆಟ್ಟೆವು ಎಂದರೆ? ‘ಬ್ಯಾರೆ ಯಾರರ ಹೇಳತಾರ ಬಿಡು’ ಎಂದುಕೊಂಡು ಅವಳು ಸಾಲೆಗೆ ಹೋದಳು. ಬೇರೆ ಯಾರಿಗೂ ಗೊತ್ತೇ ಇಲ್ಲವಲ್ಲ ಎಂಬುದನ್ನು ಮಾತ್ರ ಯೋಚಿಸಲು ಹೋಗಲಿಲ್ಲ.

ಅಂದು ಗೌರೀಶ ಸರ್ ಕ್ಲಾಸಿಗೆ ಬರುವಾಗ ದಾರದ ಉಂಡೆ ಮತ್ತು ಕತ್ತರಿ ತಂದಿದ್ದರು.

“ಮೊಬೈಲ್‌ನ್ಯಾಗ ವಿಡಿಯೋ ನೋಡತೀರಲ್ಲ, ಅದು ಎಲ್ಲಿಂದ ಬರತೈತಿ?”

“ಟಾವರಿನಿಂದ್ರಿ ಸರ್” ಎಂದ ಪರಶು. ಅವನಿಗೆ ಯಾವ ಪ್ರಶ್ನೆಗೂ ಉತ್ತರ ಗೊತ್ತಿರುತ್ತದೆ.

“ಟಾವರಿಗೆ ಎಲ್ಲಿಂದ ಬರತೈತಿ?”

ಇದು ಮಾತ್ರ ಪರಶುಗೆ ಗೊತ್ತಿರಲಿಲ್ಲ.

“ಇಂಟರ್ನೆಟ್ ಅಂದ್ರ ಒಂದ ದೊಡ್ಡ ಜಾಲ ಅಲ್ಲ” ಎಂದರು ಸರ್. “ಸಾವಿರಾರು ಸಣ್ಣಸಣ್ಣ ಜಾಲ ಕೂಡಿ ಆಗೇತಿ. ಒಂದೊಂದನ್ನ ಒಂದೊಂದು ನೆಟ್‌ವರ್ಕ್ ಅಂತೀವಿ. ಮಜಾ ಏನಂದ್ರ, ಪೂರಾ ನಕಾಶೆ ಯಾರ ಕಡೆನೂ ಇಲ್ಲ. ಪ್ರತಿ ನೆಟ್‌ವರ್ಕು ತನ್ನ ನೆರೆಯವರಿಗೆ ‘ನನ್ನ ಕಡಿಂದ ಇಂಥಲ್ಲಿಗೆ ದಾರಿ ಐತಿ’ ಅಂತ ಹೇಳತೈತಿ. ನೆರೆಯವರು ತಮ್ಮ ಹೆಸರು ಕೂಡಿಸಿ ಮುಂದಿನವರಿಗೆ ಹೇಳತಾರ. ಹಿಂಗ ಬಾಯಿಂದ ಬಾಯಿಗೆ ಎಲ್ಲಾರಿಗೂ ದಾರಿ ಗೊತ್ತಾಗತೈತಿ. ಬರ್ರಿ, ಆಡಿ ನೋಡೂಣು.”

ಐದು ಗುಂಪುಗಳಾದವು. ಸರ್ ಅವಕ್ಕೆ ಊರುಗಳ ಹೆಸರಿಟ್ಟರು. ಸಪ್ನಾಳ ಗುಂಪು ಮುರಗೋಡ. ಅದರ ಒಂದು ಪಕ್ಕ ಬೈಲಹೊಂಗಲ, ಇನ್ನೊಂದು ಪಕ್ಕ ಪರಶುವಿನ ಯರಗಟ್ಟಿ, ಎರಡಕ್ಕೂ ಒಂದೊಂದು ದಾರ. ಯರಗಟ್ಟಿಯಿಂದ ರಾಮದುರ್ಗಕ್ಕೆ ಒಂದು ದಾರ. ಇನ್ನೊಂದು ಕಡೆ ಬೈಲಹೊಂಗಲಕ್ಕೂ ಸವದತ್ತಿಗೂ ಒಂದು, ಸವದತ್ತಿಗೂ ರಾಮದುರ್ಗಕ್ಕೂ ಒಂದು. ದಾರ ಇದ್ದ ಕಡೆ ಮಾತ್ರ ಚೀಟಿ ಕೊಡಬಹುದು.

ಸಪ್ನಾಳಿಗೆ ಎರಡೂ ಪಕ್ಕದಿಂದ ಸುದ್ದಿ ಬಂತು. ಪರಶು, “ನನ್ನ ಮ್ಯಾಲ ಹಾದು ರಾಮದುರ್ಗ” ಎಂದ. ಬೈಲಹೊಂಗಲದವರು, “ನಮ್ಮ ಮ್ಯಾಲ ಹಾದು, ಸವದತ್ತಿ ಮ್ಯಾಲ ಹಾದು, ರಾಮದುರ್ಗ” ಎಂದರು. ಪರಶುವಿನದೇ ಹತ್ತಿರ. ಅವಳು ಅದನ್ನು ಆರಿಸಿಕೊಂಡಳು.

ಆಮೇಲೆ ಬೈಲಹೊಂಗಲದವರು ಇನ್ನೊಂದು ಸುದ್ದಿ ಕಳಿಸಿದರು. “ನಮ್ಮಿಂದ ಯರಗಟ್ಟಿಗೂ ದಾರಿ ಐತಿ. ಬೈಲಹೊಂಗಲ, ಮುರಗೋಡ, ಯರಗಟ್ಟಿ.”

“ಸರ್, ಇದರಾಗ ನಮ್ಮ ಹೆಸರ ಐತಿ. ನಾ ಹೇಳಿದ್ದನ್ನ ನನಗ ತಿರುಗಿ ಹೇಳಾಕತ್ತಾರ್ರಿ” ಎಂದಳು ಸಪ್ನಾ.

“ತನ್ನ ಹೆಸರು ಕಂಡ್ರ ನೆಟ್‌ವರ್ಕು ಆ ಸುದ್ದಿ ಬಿಟ್ಟುಬಿಡತೈತಿ. ಇಲ್ಲಾಂದ್ರ ಚೀಟಿ ಗಾಣದ ಎತ್ತಿನಂಗ ಅಲ್ಲೆ ಸುತ್ತಬೇಕಾಗತೈತಿ.”

ಆಟ ಜೋರಾಯಿತು. ಸಪ್ನಾ ರಾಮದುರ್ಗದ ಗುಂಪಿಗೆ ಒಂದು ಚೀಟಿ ಬರೆದಳು. ‘ಉಂಡ್ಯಾ?’ ಅಷ್ಟೇ. ಮಡಚಿ ಪರಶುವಿಗೆ ಕೊಟ್ಟು ಉತ್ತರಕ್ಕೆ ಕಾದಳು.

ಉತ್ತರ ಬರಲಿಲ್ಲ. ಅವಳು ಇನ್ನೊಂದು ಕಳಿಸಿದಳು. ಅವಳ ಗುಂಪಿನ ಉಳಿದವರ ಚೀಟಿಗಳೂ ಯರಗಟ್ಟಿಗೆ ಹೋದವು. ಯಾವುದಕ್ಕೂ ಉತ್ತರ ಇಲ್ಲ.

ಸ್ವಲ್ಪ ಹೊತ್ತಿನ ಮೇಲೆ ಸರ್ ಎಲ್ಲರನ್ನೂ ಕರೆದು ಪರಶುವಿನ ಬೆಂಚು ತೋರಿಸಿದರು. ಅಲ್ಲಿ ಚೀಟಿಗಳು ರಾಶಿ ಬಿದ್ದಿದ್ದವು. ಮೇಲೆಯೇ ಇತ್ತು ‘ಉಂಡ್ಯಾ?’. ಯರಗಟ್ಟಿಗೂ ರಾಮದುರ್ಗಕ್ಕೂ ನಡುವಿನ ದಾರವನ್ನು ಸರ್ ಯಾವಾಗಲೋ ಕತ್ತರಿಸಿದ್ದರು.

“ದಾರ ಕತ್ತರಿಸಿದ್ದು ನೋಡಿದ್ಯಲ್ಲೋ? ಯಾಕ ಹೇಳಲಿಲ್ಲ?”

ಪರಶು ತಲೆ ಕೆರೆದುಕೊಂಡ. “ಎಲ್ಲಾರೂ ನನಗ ಚೀಟಿ ಕೊಡತಿದ್ರಲ್ರಿ ಸರ್. ಛಲೋ ಅನಸ್ತಿತ್ತು.”

ಕ್ಲಾಸೆಲ್ಲ ನಕ್ಕಿತು. ಸಪ್ನಾ ನಗಲಿಲ್ಲ.

“ಖರೇ ನೆಟ್‌ವರ್ಕು ಹಂಗ ಮಾಡಂಗಿಲ್ಲ” ಎಂದರು ಸರ್. “ದಾರಿ ಕಡೀತು ಅಂತ ಗೊತ್ತಾದ ಕೂಡಲೆ, ‘ನಾ ಹೇಳಿದ್ದ ದಾರಿ ಈಗಿಲ್ಲ’ ಅಂತ ನೆರೆಯವರಿಗೆಲ್ಲಾ ಹೇಳತೈತಿ. ಅವರು ಮುಂದಿನವರಿಗೆ ಹೇಳತಾರ. ಆವಾಗ ಎಲ್ಲಾರೂ ಬ್ಯಾರೆ ದಾರಿ ಹಿಡೀತಾರ.”

ಸಪ್ನಾ ಎದ್ದು ನಿಂತಳು. “ಸರ್, ಹಂಗ ಹೇಳಿದ್ದನ್ನ ವಾಪಸ್ ತಗೊಂಡ್ರ ಮುಂದ ಅದರ ಮಾತು ಯಾರರ ಕೇಳತಾರೇನ್ರಿ?”

“ಕೇಳದ ಏನ ಮಾಡತಾರ? ಇದು ದಿನಾ ಸಾವಿರಾರು ಸಲ ಆಗೂದು. ಹೇಳೂದು ಎಷ್ಟು ಕೆಲಸನೋ, ವಾಪಸ್ ತಗೊಳ್ಳೂದೂ ಅಷ್ಟ ಕೆಲಸ. ಅದಕ್ಕೇನು ನಾಚಿಕಿ?”

ಸಂಜೆ ಮನೆಗೆ ಬಂದವಳೇ ಚೀಲ ಇಳಿಸುವ ಮೊದಲೇ ಹೇಳಿಬಿಟ್ಟಳು. “ಅವ್ವಾ, ನಾಳಿಂದ ಏಳೂವರಿ ಬಸ್ಸಿಲ್ಲ.”

ಅವ್ವ ಸುಂದರವ್ವ ಸೊಪ್ಪು ಸೋಸುತ್ತಿದ್ದವಳು ಕೈ ನಿಲ್ಲಿಸಿದಳು. “ಯಾವಾಗ ಗೊತ್ತಾತು?”

“ಮುಂಜಾನಿ.”

“ಮತ್ತ ಈಗ ಹೇಳಾಕತ್ತಿ? ನಾಳೆ ಹತ್ತಕ್ಕ ನಿಮ್ಮಕ್ಕನ ಪರೀಕ್ಷಾ ಐತಿ. ಏಳೂವರಿಗೆ ಅಂತ ಕುಂತಿದ್ರ ಏಳರದೂ ತಪ್ಪತಿತ್ತು. ಮುಂದಿನ ಬಸ್ಸು ಒಂಬತ್ತೂವರಿಗೆ. ಆಕಿ ಹಸದ ಹೊಟ್ಟೀಲೆ ಪರೀಕ್ಷಾ ಬರೀತಿದ್ಲು.”

ಸಪ್ನಾಳ ಕಣ್ಣು ತುಂಬಿ ಬಂತು. ಅವ್ವ ಅದನ್ನು ನೋಡಿ ದನಿ ಇಳಿಸಿದಳು. “ಇರಲಿ, ನಾ ಐದಕ್ಕ ಏಳತೇನಿ. ಉಳಿದವರಿಗೆ ಯಾರ ಹೇಳತಾರ?”

“ನಾನ.”

ಮೊದಲು ಕರೆವ್ವ ಆಯಿ. ಆಯಿ ಬೈಯಲಿಲ್ಲ, ನಿಟ್ಟುಸಿರು ಬಿಟ್ಟಳು. “ಹೋಗಲಿ, ಮೂರು ವಾರ ಸುಖದ ನಿದ್ದಿ ಮಾಡಿದ್ವಿ.”

“ಆಯಿ, ನೀ ಈ ಬಸ್ಸಿನ ಸುದ್ದಿ ಯಾರ್ಯಾರಿಗೆ ಹೇಳಿದ್ದಿ?”

“ಯಾರಿಗೆ ಹೇಳಿಲ್ಲ ಕೇಳು” ಎಂದು ಆಯಿ ನಕ್ಕಳು. ಆದರೂ ನೆನಪಿಸಿಕೊಂಡು ಎರಡು ಮನೆ ಹೇಳಿದಳು. ಸಪ್ನಾ ಅಲ್ಲಿಗೆ ಓಡಿದಳು. ಆ ಎರಡೂ ಮನೆಯವರು ಬೀರಪ್ಪಜ್ಜನಿಗೆ ಹೇಳಿದ್ದರು.

ಬೀರಪ್ಪಜ್ಜ ಹಾಲಿನ ಕ್ಯಾನು ಹಿಡಿದು ಡೇರಿಗೆ ಹೊರಟಿದ್ದ. ಅವನ ಮೊಮ್ಮಗನೂ ರಾಮದುರ್ಗದಲ್ಲೇ ಓದುವುದು. ಸಪ್ನಾ ಬಾಯಿ ತೆರೆಯುವ ಮೊದಲೇ, ದಿನಾ ಬುತ್ತಿ ಏರಿಸುವವಳು ಅವಳೇ ಎಂಬುದನ್ನೂ ಮರೆತು ಅವನು ಶುರು ಮಾಡಿದ. “ನಿಮ್ಮವ್ವಗ ಗೊತ್ತೈತೇನವಾ? ಏಳೂವರಿಗೆ ಒಂದು ಛಲೋ ಬಸ್ಸು ಬಿಟ್ಟಾರ.”

“ಅದನ್ನ ಹೇಳಾಕ ಬಂದೇನ್ರಿ ಅಜ್ಜಾರ. ಅದು ನಾಳಿಂದ ಇಲ್ಲ.”

“ಇಲ್ಲಂದ್ರ? ಮೂರು ಮಂದಿ ಹೇಳ್ಯಾರ ನನಗ. ಮೂರು ಮಂದಿ ಸುಳ್ಳು, ನೀ ಒಬ್ಬಾಕಿ ಖರೆ?”

“ಯಾರ್ಯಾರ್ರಿ ಹೇಳಿದ್ದು?”

ಅಜ್ಜ ಬೆರಳು ಮಡಚಿ ಮೂರು ಹೆಸರು ಹೇಳಿದ. ಒಂದು ಕರೆವ್ವನದು. ಉಳಿದೆರಡು ಸಪ್ನಾ ಈಗಷ್ಟೇ ಹೋಗಿ ಬಂದ ಮನೆಗಳದು.

“ಅವರಿಬ್ಬರಿಗೂ ಹೇಳಿದಾಕಿ ಕರೆವ್ವ ಆಯಿ. ಆಯಿಗೆ ಹೇಳಿದಾಕಿ ನಾ. ಮೂರೂ ನಂದ ಮಾತು ಅಜ್ಜಾರ. ಇವತ್ತು ಮುಂಜಾನಿ ಕಂಡಕ್ಟರ್ ನನಗ ಹೇಳಿದ್ರು, ಬಸ್ಸು ನಾಳಿಂದ ಸವದತ್ತಿ ಮ್ಯಾಲ ಹೋಗತೈತಿ ಅಂತ.”

ಅಜ್ಜ ಕ್ಯಾನು ಕೆಳಗಿಟ್ಟು ಯೋಚಿಸಿದ. ಆಮೇಲೆ ಹೊಟ್ಟೆ ಕುಣಿಸಿ ನಕ್ಕ. “ಅಂದ್ರ ಒಂದ ಮಾತು ಮೂರು ಬಾಯಾಗ ಕೇಳಿ, ಮೂರು ಮಾತು ಅಂತ ತಿಳಕೊಂಡಿದ್ದೆ. ಛಲೋ ಆತು ಬಂದಿ. ಆದ್ರ ನಾ ತ್ವಾಟದ ಮನಿ ಶಟ್ಟೆವ್ವಗೂ ಹೇಳೇನಿ.”

ಶಟ್ಟೆವ್ವ ಕಾಕುವಿನ ಮಗಳು ಅಕ್ಕನ ಕ್ಲಾಸಿನವಳೇ. ಅವಳಿಗೂ ನಾಳೆಯೇ ಪರೀಕ್ಷೆ. ತೋಟದ ಮನೆ ಊರಿನಿಂದ ಎರಡು ಕಿಲೋಮೀಟರ್ ದೂರ, ಆಗಲೇ ಮಬ್ಬು ಕವಿಯುತ್ತಿತ್ತು.

“ನೀ ಮನಿಗೆ ನಡಿ. ಆಕಿ ಡೇರಿಗೆ ಹಾಲು ಹಾಕಾಕ ಬರತಾಳ. ನಾ ಹೇಳತೇನಿ” ಎಂದ ಅಜ್ಜ.

ಅಜ್ಜನಿಗೆ ಮರೆವು ಬಹಳ. ಸಪ್ನಾಗೆ ಊಟ ರುಚಿಸಲಿಲ್ಲ.

ಬೆಳಿಗ್ಗೆ ಏಳಕ್ಕೆ ಹತ್ತು ನಿಮಿಷ ಇರುವಾಗಲೇ ಅವಳು ಸ್ಟಾಪಿನಲ್ಲಿದ್ದಳು. ಬುತ್ತಿಗಳು ಒಂದೊಂದಾಗಿ ಬಂದವು. ಬೀರಪ್ಪಜ್ಜನೂ ಬಂದ.

“ಕಾಕುಗ ಹೇಳಿದ್ರೇನ್ರಿ ಅಜ್ಜಾರ?”

“ಆಕಿ ನಿನ್ನೆ ಡೇರಿಗೆ ಬರಲಿಲ್ಲವಾ. ಮಗನ್ನ ಕಳಿಸಿದ್ಲು. ಅವನ ಕೈಯಾಗ ಹೇಳಿ ಕಳಿಸೇನಿ. ಹೇಳ್ಯಾನೋ ಇಲ್ಲೋ ಯಾರಿಗೆ ಗೊತ್ತು.”

ಏಳರ ಬಸ್ಸು ಬಂತು. ಬೇಡದ ದಿನವೆಲ್ಲ ತಡವಾಗಿ ಬರುವ ಬಸ್ಸು ಇಂದು ಸರಿಯಾಗಿ ಏಳಕ್ಕೇ ಬಂದಿತ್ತು. ಸಪ್ನಾ ಒಂದೊಂದೇ ಬುತ್ತಿಯನ್ನು ಆದಷ್ಟು ನಿಧಾನವಾಗಿ ಏರಿಸಿದಳು. ಎಲ್ಲವೂ ಮುಗಿದವು.

“ಒಂದ್ ನಿಮಿಷ ನಿಂದರ್ರಿ” ಎಂದು ಈ ಬಸ್ಸಿನ ಕಂಡಕ್ಟರನ್ನು ಬೇಡಿದಳು.

“ಯಾರರ ಬರೂರು ಅದಾರೇನು?”

ಅದು ಅವಳಿಗೂ ಗೊತ್ತಿರಲಿಲ್ಲ. ಅಷ್ಟರಲ್ಲಿ ಹೊಲದ ದಾರಿಯ ತಿರುವಿನಲ್ಲಿ ಒಂದು ಹಸಿರು ಸೀರೆ ಕಾಣಿಸಿತು. ತಲೆ ಕೂಡ ಬಾಚಿಕೊಳ್ಳದೆ, ಬುತ್ತಿಯನ್ನು ಎದೆಗವಚಿಕೊಂಡು ಶಟ್ಟೆವ್ವ ಕಾಕು ಓಡೋಡಿ ಬರುತ್ತಿದ್ದಳು. ಸಪ್ನಾ ಎದುರು ಓಡಿ ಬುತ್ತಿ ಇಸಿದುಕೊಂಡು ಬಂದು ಬಸ್ಸಿಗೆ ಕೊಟ್ಟಳು.

ಬಸ್ಸು ಹೋಯಿತು. ಕಾಕು ಕಟ್ಟೆಯ ಮೇಲೆ ಕುಳಿತು ಏದುಸಿರು ಬಿಟ್ಟಳು.

“ರಾತ್ರಿ ಮಗಾ ಬಂದು, ಏಳೂವರಿ ಬಸ್ಸಿಲ್ಲಂತ ಅಂದ. ನಾ ನಂಬಲಿಲ್ಲವಾ. ಯಾರ್ ಹೇಳಿದ್ರೋ ಅಂದೆ. ಬೀರಪ್ಪಜ್ಜ ಅಂದ. ಬೀರಪ್ಪಜ್ಜಗ ಯಾರ್ ಹೇಳಿದ್ರು ಅಂದೆ. ಸಪ್ನಾ ಅಂದ. ಹಂಗಾರ ಖರೆ ಇರಬೇಕು ಅಂತ ಐದಕ್ಕ ಎದ್ದು ರೊಟ್ಟಿ ಬಡದೆ.”

ಸಪ್ನಾ ಕಾಕುವಿನ ಪಕ್ಕದಲ್ಲಿ ಕುಳಿತಳು. ಎಷ್ಟೋ ಹೊತ್ತಿನಿಂದ ಹೊತ್ತಿದ್ದ ಭಾರ ಇಳಿಸಿದಂತೆ ಅವಳ ಮನಸ್ಸು ಹಗುರಾಯಿತು.

ಒಂಬತ್ತೂವರೆಗೆ ಅವ್ವನ ಮೊಬೈಲಿಗೆ ಅಕ್ಕನ ಮೆಸೇಜ್ ಬಂತು. ‘ರೊಟ್ಟಿ ಗಟ್ಟಿ ಆಗ್ಯಾವ. ಆದ್ರೂ ಹೊಟ್ಟಿ ತುಂಬ ಉಂಡೇನಿ. ಪರೀಕ್ಷಾಕ ಹೊಂಟೇವಿ.’ ಸಪ್ನಾ ಅದನ್ನು ಎರಡು ಸಲ ಓದಿ, ಚೀಲ ಹೆಗಲಿಗೇರಿಸಿ ಸಾಲೆಗೆ ಹೊರಟಳು.

ಕರೆವ್ವ ಆಯಿ ಬಾಗಿಲಲ್ಲಿ ಕುಳಿತು ಅಕ್ಕಿ ಆರಿಸುತ್ತಿದ್ದಳು. ಸಪ್ನಾಳನ್ನು ಕಂಡು ಮೊರ ಪಕ್ಕಕ್ಕಿಟ್ಟಳು.

“ಸಪ್ನಾ, ನಾಳೆ ಯಾವ ಬಸ್ಸಿಗೆ ಬುತ್ತಿ ಕೊಡಬೇಕವಾ?”

“ಏಳರದಕ್ಕ, ಆಯಿ” ಎಂದಳು ಸಪ್ನಾ. ನಾಲ್ಕು ಹೆಜ್ಜೆ ಮುಂದೆ ಹೋದವಳು ತಿರುಗಿ ನಿಂತು ಮತ್ತೆ ಹೇಳಿದಳು. “ಬದಲಾದ್ರ ನಾನ ಬಂದು ಹೇಳತೇನಿ.”