ಹಾಜರಿಯ ಹೊತ್ತಿನ ಮಾತ್ರೆ

೨೦೨೫ರ ಜನವರಿ ೨೧, ಮಂಗಳವಾರ. ಬೆಳಿಗ್ಗೆ ಹತ್ತು ನಲವತ್ತಕ್ಕೆ ಸಿದ್ದಾಪುರ ಠಾಣೆಗೆ ಕಮಲ ಬಂದಳು. ಹತ್ತಿರದ ಕಾಫಿ ಎಸ್ಟೇಟಿನ ಕೆಲಸಗಾರರ ಲೈನ್‌ಮನೆಯವಳು. ಕೂತುಕೋ ಎಂದರೂ ಕೂರಲಿಲ್ಲ. ಸೆರಗಿನ ಗಂಟು ಬಿಚ್ಚಿ ಎರಡು ಮಾತ್ರೆ ಪಟ್ಟಿಗಳನ್ನು ಇನ್ಸ್‌ಪೆಕ್ಟರ್ ಶಿವಪ್ರಕಾಶ್ ಅವರ ಮೇಜಿನ ಮೇಲೆ ಇಟ್ಟಳು. ಒಂದು ಪೂರ್ತಿ ಖಾಲಿ. ಇನ್ನೊಂದರಲ್ಲಿ ಏಳು ಮಾತ್ರೆ ಉಳಿದಿದ್ದವು.

"ನನ್ನ ಅಕ್ಕ ಮುತ್ತಿ ನಿನ್ನೆ ಸಂಜೆ ಆಸ್ಪತ್ರೆಲಿ ತೀರಿಹೋದ್ಲು ಸಾರ್. ಕೈ ಗಂಟು ನೋವು ಅಂತ ಇದು ತಿಂದದ್ದು. ನೋವಿಗೆ ಯಾರಾದ್ರೂ ಸಾಯ್ತಾರಾ?"

"ಯಾರು ಕೊಟ್ರು?"

"ಎಸ್ಟೇಟಿನ ರೈಟರ್ ಕೊಟ್ರು, ಹಾಜರಿ ಬರೆಯೋರು. ಮೈಸೂರಿನ ಡಾಕ್ಟ್ರು ಫೋನಲ್ಲಿ ಹೇಳಿದ್ದಂತೆ."

ಮುತ್ತಿಗೆ ಮೂವತ್ತೆಂಟು ವರ್ಷ. ಶಿವಪ್ರಕಾಶ್ ಪಟ್ಟಿಯ ಮೇಲಿದ್ದ ಹೆಸರನ್ನು ಆಸ್ಪತ್ರೆಯ ವೈದ್ಯೆಗೆ ಫೋನಿನಲ್ಲಿ ಓದಿ ಹೇಳಿದರು. ಮೆಥೋಟ್ರೆಕ್ಸೇಟ್.

"ಎಷ್ಟು ತಿಂದಿದ್ದಾಳೆ?" ವೈದ್ಯೆ ಕೇಳಿದರು.

"ಹದಿಮೂರು ದಿನಕ್ಕೆ ಹದಿಮೂರು. ಡಾಕ್ಟ್ರು ಫೋನಿನಲ್ಲೇ ಹೇಳಿದ್ದಂತೆ."

"ಅದು ವಾರಕ್ಕೆ ಒಂದೇ ದಿನ ತಿನ್ನುವ ಮಾತ್ರೆ. ದಿನಾ ತಿಂದರೆ ವಿಷ. ಬಾಯಿ ತುಂಬ ಹುಣ್ಣಿತ್ತು, ರಕ್ತ ಕೆಟ್ಟುಹೋಗಿತ್ತು. ಏನು ತಿಂದಳು ಅಂತ ನಾವು ಕೇಳಿ ಕೇಳಿ ಸಾಕಾಯ್ತು, ಹೇಳುವವರೇ ಇರಲಿಲ್ಲ. ರಕ್ತ ಪರೀಕ್ಷೆ ಮಾಡದೆ ಇದನ್ನು ಶುರು ಮಾಡಲ್ಲ. ರೋಗಿಯ ಮುಖ ನೋಡದೆ, ಮೊದಲ ಸಲಕ್ಕೇ, ಫೋನಿನಲ್ಲಿ ಬರೆಯುವ ಹಾಗೇ ಇಲ್ಲ. ಬೇರೆ ಯಾರಾದರೂ ತಿನ್ನುತ್ತಿದ್ದರೆ ಇವತ್ತೇ ನಿಲ್ಲಿಸಿ. ನಾಳೆಗೆ ಇಡಬೇಡಿ."

ಹನ್ನೊಂದೂವರೆಗೆ FIR ಆಯಿತು. ಶವ ಪಂಚನಾಮೆಗೆ ಒಬ್ಬ ಎಎಸ್‌ಐಯನ್ನು ಕಳಿಸಿ, ಶಿವಪ್ರಕಾಶ್ ಹೆಡ್ ಕಾನ್‌ಸ್ಟೇಬಲ್ ದಿವ್ಯ ಜೊತೆ ಎಸ್ಟೇಟಿಗೆ ಹೊರಟರು.

ಕಾಫಿ ಹಣ್ಣಿನ ಪಿಕಿಂಗ್ ಜೋರಾಗಿ ನಡೆಯುತ್ತಿತ್ತು. ರೈಟರ್ ಗಿರಿ ಕೆಲಸಕ್ಕೆ ಸೇರಿ ಎಂಟು ತಿಂಗಳಷ್ಟೇ. ಪೊಲೀಸರನ್ನು ಕಂಡು ಹಾಜರಿ ಪುಸ್ತಕ ಮುಚ್ಚಿ ಎದ್ದು ನಿಂತ.

"ಮುತ್ತಿ ಡಾಕ್ಟರ ಹತ್ತಿರ ಮಾತಾಡಿದ್ಲಾ?" ದಿವ್ಯ ಕೇಳಿದಳು.

"ಇಲ್ಲ ಮೇಡಂ. ಲೈನಿನವರು ನೇರ ಮಾತಾಡುವ ಕ್ರಮ ಇಲ್ಲ. ಡಿಸ್ಪೆನ್ಸರಿ ಇದ್ದ ಕಾಲದಿಂದಲೂ ರೈಟರೇ ಹೇಳೋದು, ರೈಟರೇ ಕೇಳೋದು. ಈಗ ನಾನು, ಹಿಂದಿನ ರೈಟರ್ ಕೊಟ್ಟ ಡಾಕ್ಟ್ರ ನಂಬರಿಗೆ ಮೆಸೇಜ್ ಹಾಕ್ತೇನೆ."

ಅವನ ಫೋನಿನಲ್ಲಿ ಆ ಮೆಸೇಜ್ ಇತ್ತು: 'ಮುತ್ತಿ, ಕೈ ಗಂಟು ಊದಿದೆ, ಕೊಯ್ಯಲು ಆಗ್ತಿಲ್ಲ.' ವಯಸ್ಸಿಲ್ಲ, ಹಿಂದಿನ ಕಾಯಿಲೆಯ ಮಾತಿಲ್ಲ. ಹತ್ತು ನಿಮಿಷದಲ್ಲಿ ಡಾ. ಮಂದಪ್ಪ ಎಂಬ ಹೆಸರಿನ ಚೀಟಿಯ ಫೋಟೋ ಬಂದಿತ್ತು. ನೋಂದಣಿ ಸಂಖ್ಯೆ ಇತ್ತು, ಸಹಿ ಇತ್ತು. ದಿನಕ್ಕೆ ಒಂದು.

"ಮಾತ್ರೆಯನ್ನು ಅವಳ ಕೈಗೆ ಕೊಟ್ಟಿದ್ದಾ?"

"ಇಲ್ಲ ಸಾರ್. ಕೊಟ್ರೆ ಮರೀತಾರೆ. ಮೊದಲಿಂದಲೂ ಇಲ್ಲಿ ಹೀಗೇ, ಬೆಳಿಗ್ಗೆ ಹಾಜರಿ ಕೂಗುವಾಗ ಎದುರಿಗೇ ನುಂಗಿಸೋದು. ನಿನ್ನೆ ರಾತ್ರಿ ಕಮಲ ಬಂದು ಕೇಳಿದ ಮೇಲೆ ಎರಡೂ ಪಟ್ಟಿ ಅವಳ ಕೈಗೆ ಕೊಟ್ಟೆ."

ಒಂದು ದಿನ ಮರೆತಿದ್ದರೂ, ಎರಡು ದಿನ ಸೋಮಾರಿತನ ಮಾಡಿದ್ದರೂ ಆ ಹೆಂಗಸು ಬದುಕುತ್ತಿದ್ದಳೇನೋ. ಮರೆಯುವುದಕ್ಕೂ ಅವಳನ್ನು ಬಿಟ್ಟಿರಲಿಲ್ಲ.

"ಬೇಡ ಅನ್ನಲಿಲ್ವಾ?"

ಗಿರಿ ತಲೆ ತಗ್ಗಿಸಿದ. "ಒಂಬತ್ತನೇ ದಿನ ಬಾಯಿ ಉರೀತದೆ ಅಂದ್ಲು. ಡಾಕ್ಟ್ರಿಗೆ ಫೋನ್ ಮಾಡಿದೆ. ಉಷ್ಣಕ್ಕೆ ಹಾಗಾಗ್ತದೆ, ಮಾತ್ರೆ ಬಿಡಬಾರದು ಅಂದ್ರು."

ಎಸ್ಟೇಟಿನಲ್ಲಿ ಮುತ್ತಿಗೆ ಬಿಟ್ಟು ಬೇರೆ ಯಾರಿಗೂ ಆ ಮಾತ್ರೆ ಬಂದಿರಲಿಲ್ಲ. ಮಧ್ಯಾಹ್ನ ಒಂದು ಗಂಟೆಗೆ ಇಬ್ಬರೂ, ಗಿರಿ ಮಾತ್ರೆ ತರಿಸಿದ್ದ ಪೇಟೆಯ ಔಷಧಿ ಅಂಗಡಿಯಲ್ಲಿದ್ದರು. ಮಾಲೀಕ ತನ್ನ ಫೋನಿನಲ್ಲಿದ್ದ ಚೀಟಿಗಳನ್ನು ತೋರಿಸಿದ.

"ದಿನಕ್ಕೊಂದು ಅಂತ ನೋಡಿ ನಿಮಗೇನೂ ಅನಿಸಲಿಲ್ವಾ?"

"ಡಾಕ್ಟ್ರು ಬರೆದದ್ದಲ್ವಾ ಸಾರ್."

"ಈ ಮಾತ್ರೆ ಇನ್ನು ಯಾರಿಗೆ ಕೊಟ್ರಿ?"

ಅವನು ಬೆರಳಿನಿಂದ ಸರಿಸುತ್ತಾ ಹೋದ. ಜನವರಿ ೧೧ರ ಇನ್ನೊಂದು ಚೀಟಿ ಸಿಕ್ಕಿತು. ಅದೇ ಡಾಕ್ಟರು, ಅದೇ ಮಾತ್ರೆ, ಅದೇ 'ದಿನಕ್ಕೆ ಒಂದು'. ಹೆಸರು ಬೊಳ್ಳಮ್ಮ. ವಿಳಾಸವಿಲ್ಲ. ಆ ದಿನ ಅಂಗಡಿಯಲ್ಲಿದ್ದವನು ರಜೆಯಲ್ಲಿದ್ದ, ಯಾರು ಒಯ್ದರೆಂದು ಮಾಲೀಕನಿಗೆ ಗೊತ್ತಿರಲಿಲ್ಲ. ದಿವ್ಯ ಲೆಕ್ಕ ಹಾಕಿದಳು. ಮಾರನೇ ದಿನ ಶುರು ಮಾಡಿದ್ದರೆ, ಬೊಳ್ಳಮ್ಮ ಎಂಬಾಕೆ ಎಲ್ಲಿಯೋ ಇವತ್ತು ಹತ್ತನೇ ಮಾತ್ರೆ ನುಂಗಿದ್ದಾಳೆ. ಕೊಡಗಿನಲ್ಲಿ ಬೊಳ್ಳಮ್ಮ ಅಂದರೆ ಎಷ್ಟು ಮನೆಯ ಬಾಗಿಲು ತಟ್ಟುವುದು?

ಶಿವಪ್ರಕಾಶ್ ಚೀಟಿಯಲ್ಲಿದ್ದ ನೋಂದಣಿ ಸಂಖ್ಯೆಯನ್ನು ವೈದ್ಯಕೀಯ ಪರಿಷತ್ತಿಗೂ, ಮೊಬೈಲ್ ನಂಬರನ್ನು ಮಡಿಕೇರಿಯ ಸೈಬರ್ ಠಾಣೆಗೂ ಕಳಿಸಿದರು. ಎರಡೂವರೆಗೆ ಪರಿಷತ್ತಿನ ಉತ್ತರ ಬಂತು. ಡಾ. ಮಂದಪ್ಪ ತೀರಿಕೊಂಡು ಎರಡು ವರ್ಷವಾಗಿತ್ತು.

ದಿವ್ಯ ಎರಡು ಸಲ ಓದಿದಳು. "ಸಾರ್, ಮುತ್ತಿಗೆ ಮದ್ದು ಬರೆದದ್ದು ಸತ್ತವರಾ?"

ಮೂರು ಗಂಟೆಗೆ ಸೈಬರ್ ಠಾಣೆಯ ಫೋನು. ಆ ನಂಬರು ಮೈಸೂರಿನದ್ದಲ್ಲ. ಈ ತಿಂಗಳೆಲ್ಲ ಅದು ಸಿದ್ದಾಪುರದ ಟವರ್ ಬಿಟ್ಟು ಕದಲಿಲ್ಲ. ಸಿಮ್ ಇರುವುದು ಬೊಳ್ಳಮ್ಮ, ಗಂಡ ಚೆನ್ನಯ್ಯ ಎಂಬವರ ಹೆಸರಿನಲ್ಲಿ. ಅದರಲ್ಲಿ ವಿಳಾಸವೂ ಇತ್ತು. ಹುಡುಕುತ್ತಿದ್ದ ಡಾಕ್ಟರೂ ರೋಗಿಯೂ ಒಂದೇ ಮನೆಯಲ್ಲಿದ್ದರು.

ಮೂರೂ ಇಪ್ಪತ್ತೈದಕ್ಕೆ ಜೀಪು ಆ ಮನೆಯ ಮುಂದೆ ನಿಂತಿತು. ಬಾಗಿಲು ತೆರೆದವನಿಗೆ ಅರವತ್ತೊಂದು ವರ್ಷ, ಇಸ್ತ್ರಿ ಮಾಡಿದ ಬಿಳಿ ಅಂಗಿ. ಮುಚ್ಚಿಹೋದ ಎಸ್ಟೇಟ್ ಡಿಸ್ಪೆನ್ಸರಿಯಲ್ಲಿ ಡಾ. ಮಂದಪ್ಪ ಅವರ ಕಂಪೌಂಡರ್ ಆಗಿದ್ದ ಚೆನ್ನಯ್ಯ. ಶಿವಪ್ರಕಾಶ್ ಚೀಟಿಯ ನಂಬರಿಗೆ ಕರೆ ಮಾಡಿದರು. ಅವನ ಜೇಬಿನಲ್ಲಿ ಫೋನು ರಿಂಗಾಯಿತು.

"ಬೊಳ್ಳಮ್ಮ ಎಲ್ಲಿ?"

"ಮಲಗಿದ್ದಾಳೆ ಸಾರ್. ಎರಡು ದಿನದಿಂದ ಬಾಯಿ ಹುಣ್ಣು..."

ದಿವ್ಯ ಅಷ್ಟರಲ್ಲಿ ಒಳಗಿದ್ದಳು. ಕಿಟಕಿಯಲ್ಲಿ ಅದೇ ಪಟ್ಟಿ, ಹತ್ತೂ ಖಾಲಿ.

"ಇದನ್ನು ತಿಂದ ಮುತ್ತಿ ನಿನ್ನೆ ಸತ್ತಳು," ಎಂದರು ಶಿವಪ್ರಕಾಶ್.

ಚೆನ್ನಯ್ಯ ಹೆಂಡತಿ ಮಲಗಿದ್ದ ಕೋಣೆಯ ಕಡೆ ತಿರುಗಿದ. "ನಾನು ಒಳ್ಳೇದಕ್ಕೇ ಕೊಟ್ಟದ್ದು ಸಾರ್. ಕೆಟ್ಟದ್ದಾದ್ರೆ ಹೆಂಡತಿಗೆ ಕೊಡ್ತಿದ್ನಾ?"

ಸುಳ್ಳಾಗಿದ್ದರೆ ಶಿವಪ್ರಕಾಶ್‌ಗೆ ಸುಲಭವಾಗುತ್ತಿತ್ತು. ಅವನು ನಿಜವನ್ನೇ ಹೇಳುತ್ತಿದ್ದ.

ಹಳೆಯ ಡಾಕ್ಟರ ಪ್ಯಾಡು, ಫೋನು, ಖಾಲಿ ಪಟ್ಟಿ ಇಷ್ಟನ್ನು ಪಕ್ಕದ ಮನೆಯವರ ಎದುರು ಪಂಚನಾಮೆ ಮಾಡಿ ವಶಕ್ಕೆ ತೆಗೆದುಕೊಂಡರು. ಅದು ಮುಗಿಯುವವರೆಗೂ ಬೊಳ್ಳಮ್ಮನನ್ನು ಕಾಯಿಸಲಿಲ್ಲ, ದಿವ್ಯ ಅವಳನ್ನು ಎಬ್ಬಿಸಿಕೊಂಡು ಜೀಪಿಗೆ ನಡೆದಳು. ಬೊಳ್ಳಮ್ಮ ಜೀಪು ಹತ್ತಲು ಒಪ್ಪಲಿಲ್ಲ.

"ಮಂದಪ್ಪ ಡಾಕ್ಟ್ರಿಗೆ ಒಂದು ಫೋನ್ ಮಾಡಮ್ಮಾ. ಅವರ ಹತ್ರ ಕೇಳದೆ ಬೇರೆ ಮದ್ದು ತಿನ್ನಲ್ಲ. ಬಿಡಬಾರದು ಅಂತ ಇವರ ಹತ್ರ ಹೇಳಿ ಕಳಿಸಿದ್ದಾರೆ."

ಚೆನ್ನಯ್ಯ ಅಂಗಳದಲ್ಲಿ, ಜೀಪಿನಲ್ಲಿ ಬಂದಿದ್ದ ಕಾನ್‌ಸ್ಟೇಬಲ್ ಪಕ್ಕ ನಿಂತಿದ್ದ. "ಡಾಕ್ಟ್ರು ಇಲ್ಲ ಬೊಳ್ಳು," ಎಂದ. "ತೀರಿಹೋಗಿ ಎರಡು ವರ್ಷ ಆಯ್ತು. ಮಣ್ಣಿಗೆ ನಾನೇ ಹೋಗಿದ್ದೆ."

"ಹಾಗಾದ್ರೆ ಇಷ್ಟು ದಿನ ಹೇಳಿದ್ದು ಯಾರು?"

ದಿವ್ಯ ಅವಳ ತೋಳು ಹಿಡಿದು ಹತ್ತಿಸಿದಳು. ಜೀಪು ಆಸ್ಪತ್ರೆಗೆ ಹೊರಟಿತು. ಸಂಜೆ ನಾಲ್ಕೂ ಹತ್ತಕ್ಕೆ ಚೆನ್ನಯ್ಯನ ಬಂಧನವನ್ನು ದಾಖಲಿಸಲಾಯಿತು.

ಠಾಣೆಯಲ್ಲಿ ಅವನ ಹೇಳಿಕೆ ಮೂರು ಪುಟವಾಯಿತು. ಇಪ್ಪತ್ತೇಳು ವರ್ಷ ಮದ್ದಿನ ಪೊಟ್ಟಣ ಕಟ್ಟಿದವನು. ಈ ಮಾತ್ರೆಯನ್ನು ಎಸ್ಟೇಟ್ ಮಾಲೀಕರ ತಾಯಿಗೆ ಪೇಟೆಯಿಂದ ತಂದುಕೊಡುತ್ತಿದ್ದ. ಅವರ ಊದಿದ ಬೆರಳು ಸರಿಯಾದದ್ದನ್ನು ಕಣ್ಣಾರೆ ಕಂಡಿದ್ದ. ವಾರಕ್ಕೊಂದೇ ಎಂಬ ಚೀಟಿಯನ್ನು ಕಂಡಿರಲಿಲ್ಲ. ಯಾರಿಂದಲೂ ಫೀಸು ತೆಗೆದುಕೊಂಡಿರಲಿಲ್ಲ.

"ಮತ್ತೆ ಯಾಕೆ ಮಾಡಿದಿರಿ?"

"ಡಾಕ್ಟ್ರು ತೀರಿಹೋದ ವರ್ಷ ಲೈನಿನಲ್ಲಿ ಒಂದು ಮಗುವಿಗೆ ಜ್ವರ ನೆತ್ತಿಗೇರಿತ್ತು ಸಾರ್. ಆಸ್ಪತ್ರೆಗೆ ಒಯ್ಯಿರಿ ಅಂತ ಆಗಿನ ರೈಟರ ಹತ್ರ ಬೇಡಿಕೊಂಡೆ. ಕಂಪೌಂಡರ್‌ಗೆ ಏನು ಗೊತ್ತು ಅಂದ್ರು. ಹೊರಗೆ ಬಂದು, ಮಂದಪ್ಪ ಡಾಕ್ಟ್ರು ಮಾತಾಡೋದು ಅಂತ ಅವರಿಗೇ ಫೋನ್ ಮಾಡಿದೆ. ಹತ್ತು ನಿಮಿಷದಲ್ಲಿ ಒಯ್ದರು. ಮಗು ಉಳೀತು."

ಶಿವಪ್ರಕಾಶ್ ಅದನ್ನೂ ಹೇಳಿಕೆಯಲ್ಲಿ ಬರೆಸಿದರು. ಚೆನ್ನಯ್ಯ ಓದಿ, ಸಹಿ ಹಾಕುವ ಜಾಗದಲ್ಲಿ ಪೆನ್ನು ಇಟ್ಟ. ಆಮೇಲೆ ನಿಧಾನವಾಗಿ, ಈ ಸಲ ಡಾಕ್ಟರದ್ದಲ್ಲ, ತನ್ನದೇ ಹೆಸರು ಬರೆದ.