ಮುಟ್ಟದೆ ಬಿಟ್ಟ ಕಾಫಿ

ಹೆಸರಿನ ಫಲಕ ಎತ್ತಿ ಹಿಡಿದಿದ್ದ ಮಾರ್ಗದರ್ಶಿ ಅಫ್ರಾಳ ಕೈ ತಾನಾಗಿ ಕೆಳಗಿಳಿಯಿತು.

ದುಬೈ ವಿಮಾನ ನಿಲ್ದಾಣದ ಗಾಜಿನ ಬಾಗಿಲು ದಾಟಿ ಬರುತ್ತಿದ್ದ ಬಿಳಿಗೂದಲಿನ ಮುದುಕಿಯೇ ಇಂದಿನ ಅತಿಥಿ. ನಾರ್ವೆಯ ಪ್ರೊಫೆಸರ್ ಗುನ್ವೋರ್. ಇವತ್ತೊಂದು ದಿನ ಊರು ನೋಡಿ, ನಾಳೆ ಬೆಳಿಗ್ಗೆ ಒಂಬತ್ತಕ್ಕೆ ಕಠ್ಮಂಡುವಿನ ವಿಮಾನ ಹತ್ತುವವರು. ಅಷ್ಟು ಅವಳಿಗೆ ಗೊತ್ತಿತ್ತು.

ಆದರೆ ಮುದುಕಿಯ ಪೆಟ್ಟಿಗೆ ಎಳೆದುಕೊಂಡು ಹಿಂದೆ ಬರುತ್ತಿದ್ದವನು...

ಖಲ್ಫಾನ್!

ಆರು ವರ್ಷ. ಗಡ್ಡದಲ್ಲಿ ಒಂದೆರಡು ಬಿಳಿ ಎಳೆ ಬಂದಿವೆ. ನಡಿಗೆ ಮಾತ್ರ ಅದೇ, ಎದುರು ಗಾಳಿಗೆ ತಲೆ ತಗ್ಗಿಸಿ ನಡೆಯುವವನಂತೆ.

"ಸ್ವಾಗತ ಮೇಡಂ," ಎಂದಳು ಅಫ್ರಾ. ನೂರಾರು ಅತಿಥಿಗಳಿಗೆ ಹೇಳಿ ಹೇಳಿ ಗಟ್ಟಿಯಾದ ಮಾತು ಅದು.

"ಇವನು ನನ್ನ ಜೊತೆ ಹಿಮನದಿ ಅಳೆಯೋ ಹುಡುಗ," ಎಂದರು ಗುನ್ವೋರ್. "ನಿಮ್ಮವನೇ. ಮರಳಿನ ಮಗ! ನಮ್ಮಲ್ಲಿ ಮೂರು ಕೋಟು ಹಾಕ್ಕೊಂಡೂ ನಡುಗ್ತಾನೆ."

"ಹೇಗಿದ್ದೀರಿ?" ಖಲ್ಫಾನ್ ನೆಲ ನೋಡುತ್ತಾ ಕೇಳಿದ.

ಹೇಗಿದ್ದೀರಿ... ವಿಶ್ವವಿದ್ಯಾಲಯದ ಪ್ರಯೋಗಾಲಯದಲ್ಲಿ ಮೂರು ವರ್ಷ 'ನೀನು' ಎಂದು ಕರೆದವನು!

"ಚೆನ್ನಾಗಿದ್ದೀನಿ. ಬನ್ನಿ, ಕಾರು ಈ ಕಡೆ."

ಕಾರಿನಲ್ಲಿ ಅಫ್ರಾ ದಿನದ ಪಟ್ಟಿ ಓದಿದಳು. ಅಬ್ರಾ ದೋಣಿಯಲ್ಲಿ ಖೋರ್‌ನ ಹಿನ್ನೀರು ದಾಟುವುದು. ಆಚೆ ದಡದ ಮಸಾಲೆ ಬಜಾರು. ಊಟ. ನಾಲ್ಕು ಗಂಟೆಗೆ ಗೋಪುರದ ತುದಿ. ಸಂಜೆ ಮರಳುಗಾಡು.

"ಗೋಪುರ ಬೇಕಾ?" ಗುನ್ವೋರ್ ಮೂಗು ಮುರಿದರು. "ಎತ್ತರದಿಂದ ನೋಡೋದೇ ನಮ್ಮ ಕೆಲಸ. ನನಗೊಂದು ಮನೆ ತೋರಿಸು ಮಗಳೇ, ಜನ ಇರೋ ಮನೆ."

"ಅದು ನಮ್ಮ ಪಟ್ಟಿಯಲ್ಲಿಲ್ಲ ಮೇಡಂ."

"ಹೋಗಲಿ ಬಿಡು. ಇವನಂತೂ ನೇಪಾಳದಿಂದ ಬಂದಮೇಲೆ ಐದು ವರ್ಷ ಎಲ್ಲೂ ಕದಲಲ್ಲ. ಮಂಜಿನ ಮೇಲಿನ ಸಂಶೋಧನಾ ಕೇಂದ್ರಕ್ಕೆ ಹೋಗ್ತಾನೆ. ನಾಳೆ ವಿಮಾನದಲ್ಲೇ ಒಪ್ಪಂದಕ್ಕೆ ಸಹಿ ಹಾಕಿಸ್ಕೋತೀನಿ!"

ಇನ್ನೂ ಐದು ವರ್ಷ!

ಹೋಗಲಿ, ನನಗೇನು? ಎಂದುಕೊಂಡಳು ಅಫ್ರಾ. ಎದೆ ಮಾತ್ರ ಆ ಮಾತನ್ನು ಒಪ್ಪಲಿಲ್ಲ.

ದಡದಲ್ಲಿ ಅಫ್ರಾ ಮೂವರಿಗೂ ಏಲಕ್ಕಿ ಹಾಕಿದ ಚಹಾ ತಂದಳು. ಖಲ್ಫಾನ್ ತಲೆಯಾಡಿಸಿದ. "ಬೇಡ, ವಿಮಾನದಲ್ಲಿ ಆಯ್ತು."

ಅಷ್ಟು ಹೊತ್ತು ತಡೆದಿದ್ದ ಮಾತು ಜಾರಿಯೇ ಬಿಟ್ಟಿತು. "ನಮ್ಮ ಕೈಯಿಂದ ಏನೂ ಕುಡಿಯಬಾರದು ಅಂತ ವ್ರತ ಇರಬೇಕು ನಿಮಗೆ!"

ಅವನ ಮುಖ ಬಿಳುಚಿತು. "ಕುಡಿಯೋಕೆ ಮುಂಚೆನೇ ಎಬ್ಬಿಸಿ ಕಳಿಸಿದ್ರೆ ಯಾರು ತಾನೇ ಕುಡೀತಾರೆ?"

"ಯಾರು ಎಬ್ಬಿಸಿದ್ದು?"

"ಅಬ್ರಾ ಹೊರಟಿತು! ಬನ್ನಿ ಬನ್ನಿ!" ಅಂಬಿಗ ಕೂಗಿದ. ಜನ ನುಗ್ಗಿದರು. ಪ್ರಶ್ನೆ ಅಲ್ಲೇ ಉಳಿಯಿತು.

ದೋಣಿಯ ಅಂಚಿನಲ್ಲಿ ಕೂತ ಅಫ್ರಾಳಿಗೆ ಆರು ವರ್ಷದ ಹಿಂದಿನ ಆ ಇಳಿಹಗಲು ಮತ್ತೆ ಕಣ್ಣಿಗೆ ಕಟ್ಟಿತು.

ಖಲ್ಫಾನ್ ತನ್ನ ಚಿಕ್ಕಪ್ಪನನ್ನು ಕರೆದುಕೊಂಡು ಅವಳನ್ನು ಕೇಳಲು ಮನೆಗೆ ಬಂದಿದ್ದ. ಹೆಣ್ಣು ಕೇಳಲು ಬಂದವರು ಕಾಫಿಯನ್ನು ಮುಟ್ಟದೆ ಮುಂದಿಟ್ಟುಕೊಳ್ಳುತ್ತಾರೆ. ಮನೆಯ ಯಜಮಾನ 'ಕುಡಿಯಿರಿ' ಎಂದರೆ ಕೇಳಿದ್ದು ಸಿಕ್ಕಿತು ಎಂದರ್ಥ. ಅವಳ ತಂದೆ ಮತರ್ ಹಾಗೆ ಹೇಳಲು ತಯಾರಾಗಿಯೇ ಇದ್ದರು. ಅವಳ ಸೋದರಮಾವ ಬರುವುದು ತಡವಾಗಿತ್ತು. ಅವರನ್ನು ಕರೆತರಲೆಂದು ತಂದೆ ಗೇಟಿನವರೆಗೆ ಹೋದದ್ದು ಹತ್ತೇ ನಿಮಿಷ.

ಆ ಹತ್ತು ನಿಮಿಷದಲ್ಲಿ ಇಬ್ಬರೂ ಎದ್ದು ಹೋಗಿದ್ದರು!

ಒಳಮನೆಯಿಂದ ಅಫ್ರಾ ಓಡಿ ಬಂದಾಗ ಅತಿಥಿಗಳನ್ನು ಕೂರಿಸುವ ಮಜ್ಲಿಸ್ ಖಾಲಿ. ಗಂಡಸರು ಕೂತಿದ್ದ ಮೆತ್ತೆಗಳ ಮುಂದೆ ಎರಡು ಪುಟ್ಟ ಬಟ್ಟಲು. ಎರಡರಲ್ಲೂ ಕಾಫಿ ತುಂಬಿತ್ತು. ಆರಿ ತಣ್ಣಗಾಗಿತ್ತು.

ಒಂದು ಸಂದೇಶ ಬರುತ್ತದೆಂದು ಕಾದಳು. ಒಂದೇ ಒಂದು! ಬರಲಿಲ್ಲ. ತಾನಾಗಿ ಕಳಿಸಲು ಅಭಿಮಾನ ಬಿಡಲಿಲ್ಲ. ಆಮೇಲೆ ಅವನು ಉತ್ತರದ ಹಿಮದ ನಾಡಿಗೆ ಹೋದನೆಂದು ಯಾರೋ ಹೇಳಿದರು.

ಬಜಾರಿನ ಒಂದು ಅಂಗಡಿಯಲ್ಲಿ ಗುನ್ವೋರ್ ಊದ್ ಮರದ ಚೂರೊಂದನ್ನು ಮೂಗಿಗೆ ಹಿಡಿದರು. "ಇದನ್ನ ಮನೇಲಿ ಯಾವಾಗ ಸುಡ್ತೀರಿ?"

"ಊಟ, ಕಾಫಿ ಎಲ್ಲ ಮುಗಿದ ಮೇಲೆ, ಮೇಡಂ. ಅತಿಥಿಗಳ ಮುಂದೆ ಧೂಪದಾನಿ ಬಂತು ಅಂದ್ರೆ ಹೊರಡೋ ಹೊತ್ತಾಯ್ತು ಅಂತ."

"ಹ್ಞಾ, ಗೊತ್ತು! ಪಾಪ, ಇವನಿಗೂ ಹಾಗೇ ಆಯ್ತಂತಲ್ಲ. ಹೆಣ್ಣು ಕೇಳೋಕೆ ಹೋದ್ರೆ ಇನ್ನೂ ಕಾಫಿನೇ ಕುಡಿದಿಲ್ಲ, ಧೂಪ ತಂದು..."

"ಮೇಡಂ!" ಖಲ್ಫಾನ್ ಗದರಿದಂತೆ ಅಂದ.

ಅಫ್ರಾ ಗಕ್ಕನೆ ಅವನತ್ತ ತಿರುಗಿದಳು.

ಧೂಪ? ಆ ದಿನ ಮಜ್ಲಿಸ್‌ನಲ್ಲಿ ಊದ್‌ನ ವಾಸನೆ ಇತ್ತು, ನಿಜ. ಆದರೆ ಅವರ ಮನೆಯಲ್ಲಿ ಅದು ಇಲ್ಲದ ದಿನ ಯಾವುದು?

"ಯಾರು ತಂದಿದ್ದು?" ಅವಳ ಧ್ವನಿ ಅವಳಿಗೇ ಕೇಳಿಸಲಿಲ್ಲ. "ಖಲ್ಫಾನ್, ಯಾರು ತಂದಿದ್ದು?"

"ನಿಮ್ಮ ಅಜ್ಜಿ," ಎಂದ ಅವನು. "ಮನೆಯ ಹಿರಿಯರೇ ತಂದ ಮೇಲೆ ಇನ್ನೇನು ಕೇಳೋದು? ಚಿಕ್ಕಪ್ಪ 'ಏಳು, ಉತ್ತರ ಬಂತು' ಅಂದ್ರು. ಎದ್ವಿ."

"ಅಷ್ಟೇನಾ? ನನ್ನನ್ನ ಒಂದು ಮಾತು ಕೇಳಬಾರದಿತ್ತಾ ನೀನು?"

ನೀನು! ಆರು ವರ್ಷದ ಮೇಲೆ.

"ನಿನ್ನ ಮನಸ್ಸು ಕೇಳದೆ ನಿಮ್ಮ ಮನೆಯವರು ಕಳಿಸಲ್ಲ ಅಂದ್ಕೊಂಡೆ ಅಫ್ರಾ... ಉತ್ತರ ನಿನ್ನದೇ ಅಂದ್ಕೊಂಡೆ."

ಅಫ್ರಾ ಗಡಿಯಾರ ನೋಡಿದಳು. ಫೋನ್ ತೆಗೆದು ನಾಲ್ಕು ಗಂಟೆಯ ಗೋಪುರದ ಟಿಕೆಟ್ ರದ್ದು ಮಾಡಿದಳು. ಆಮೇಲೆ ತಂದೆಗೆ ಕರೆ ಮಾಡಿದಳು. "ಅಪ್ಪಾ, ಇಬ್ಬರು ಅತಿಥಿಗಳನ್ನ ಕರ್ಕೊಂಡು ಬರ್ತಿದ್ದೀನಿ. ಒಬ್ಬರು ಯಾರು ಅಂತ ಈಗ ಕೇಳಬೇಡಿ."

ಮತರ್ ಖಲ್ಫಾನನನ್ನು ಬಾಗಿಲಲ್ಲೇ ಗುರುತಿಸಿದರು. ಹುಬ್ಬು ಗಂಟಿಕ್ಕಿತು. ಆದರೆ ಹೊಸ್ತಿಲಿಗೆ ಬಂದ ಅತಿಥಿಯನ್ನು ಕೂರಿಸದೆ ಇರುವವರಲ್ಲ ಅವರು.

"ಕೂತ್ಕೋ," ಎಂದರು. ಅದೇ ಮಜ್ಲಿಸ್, ಅದೇ ಕೆಂಪು ಮೆತ್ತೆ.

ಅಫ್ರಾ ಎಡಗೈಯಲ್ಲಿ ಹಿತ್ತಾಳೆಯ ಹೂಜಿ ಹಿಡಿದು ಕಾಫಿ ಬಗ್ಗಿಸಿದಳು. ಗುನ್ವೋರ್ ಒಂದು ಬಟ್ಟಲು ಕುಡಿದರು. ಅವಳು ಮತ್ತೆ ತುಂಬಿದಳು. ಇನ್ನೊಂದು ಕುಡಿದರು. ಮತ್ತೆ ತುಂಬಿದಳು. ನಾಲ್ಕನೆಯದಕ್ಕೆ ಮುದುಕಿ ಕಂಗಾಲಾದರು. "ಮಗಳೇ, ಇದು ನಿಲ್ಲೋದು ಯಾವಾಗ?"

"ಸಾಕಾದ್ರೆ ಬಟ್ಟಲನ್ನ ಹೀಗೆ ಅಲುಗಿಸಬೇಕು ಮೇಡಂ. ಅಲ್ಲೀವರೆಗೆ ನಾನು ಹಾಕ್ತಾನೇ ಇರ್ತೀನಿ!"

ಮತರ್ ಸಹ ನಕ್ಕುಬಿಟ್ಟರು. ಖಲ್ಫಾನ್ ನಗಲಿಲ್ಲ. ಅವನ ಬಟ್ಟಲು ಅವನ ಮುಂದೆ ನೆಲದ ಮೇಲಿತ್ತು. ಮುಟ್ಟಿರಲಿಲ್ಲ.

ಮತರ್ ಅದನ್ನು ನೋಡಿದರು. ನಗು ಮಾಯವಾಯಿತು. ಏನೋ ಹೇಳಲು ಬಾಯಿ ತೆರೆದರು. ಅಷ್ಟರಲ್ಲಿ ಹೊರಗೆ ಮಸೀದಿಯಿಂದ ಇಳಿಹಗಲಿನ ಅಸರ್ ನಮಾಜಿನ ಕರೆ ಕೇಳಿತು. ಅದು ಮುಗಿಯುವ ಮೊದಲೇ ಒಳಗಿನಿಂದ ಹೊಗೆಯ ಪರಿಮಳ ತೇಲಿ ಬಂತು.

ಅಜ್ಜಿ ಘಬೀಶಾ ಧೂಪದಾನಿ ಹಿಡಿದು ಬರುತ್ತಿದ್ದಳು. ಅಭ್ಯಾಸಬಲದಿಂದ ಖಲ್ಫಾನ್ ಅರ್ಧ ಎದ್ದೇಬಿಟ್ಟ.

"ಕೂತ್ಕೋ," ಎಂದಳು ಅಫ್ರಾ. "ದಯವಿಟ್ಟು ಈ ಸಲ ಕೂತ್ಕೋ."

ಅಜ್ಜಿ ಯಾರನ್ನೂ ಗುರುತಿಸಲಿಲ್ಲ. ಕಿಟಕಿಯ ಪರದೆಗೆ ಹೊಗೆ ಹಿಡಿದಳು. ಮೆತ್ತೆಗೆ ಹಿಡಿದಳು. ಖಲ್ಫಾನನ ಬಿಳಿ ಕಂದೂರಾ ನಿಲುವಂಗಿಯ ತೋಳಿಗೂ ಹಿಡಿದಳು. "ಹಾರಿಬ್ ಬರೋ ಹೊತ್ತಾಯ್ತು ಕಣೋ ಮಗು. ದಿನವಿಡೀ ದೋಣಿ ನಡೆಸಿ ಬರ್ತಾನೆ. ಮನೆ ಘಮ ಅಂತಿರಬೇಕು."

ಹಾರಿಬ್ ಅವಳ ಗಂಡ. ಖೋರ್‌ನಲ್ಲಿ ಅಬ್ರಾ ನಡೆಸುತ್ತಿದ್ದವನು. ತೀರಿಕೊಂಡು ಹದಿನಾಲ್ಕು ವರ್ಷ.

"ದಿನಾ ಇದೇ ಹೊತ್ತಿಗೆ," ಎಂದಳು ಅಫ್ರಾ. ಕಣ್ಣೀರು ಗಲ್ಲದ ಮೇಲೆ ಇಳಿಯುತ್ತಿತ್ತು. "ಮರೆವು ಶುರುವಾಗಿದೆ ಅಂತ ವೈದ್ಯರು ಹೇಳಿದ್ದು ನೀನು ಬಂದುಹೋದ ಮರುವರ್ಷ. ಆ ದಿನಕ್ಕೂ ಇದಕ್ಕೂ ಸಂಬಂಧ ಇರಬಹುದು ಅಂತ ನಮಗೆ ಯಾರಿಗೂ ಹೊಳೀಲೇ ಇಲ್ಲ. ಅಜ್ಜಿ ನಿನ್ನನ್ನ ಕಳಿಸಲಿಲ್ಲ ಖಲ್ಫಾನ್. ಅವಳು ಅಜ್ಜನಿಗೆ ಕಾಯ್ತಿದ್ದಳು."

ಖಲ್ಫಾನ್ ಮುಖ ಮುಚ್ಚಿಕೊಂಡ.

ಮತರ್ ಅವನ ಎದುರು ಬಂದು ಕೂತರು. ಆಮೇಲೆ ನಿಧಾನವಾಗಿ ಹೇಳಿದರು. "ಆ ದಿನ ಗೇಟಿನ ಹತ್ತಿರ ನಿನ್ನ ಚಿಕ್ಕಪ್ಪ 'ದೇವರು ನಿಮಗೆ ಒಳ್ಳೇದು ಮಾಡಲಿ' ಅಂತಂದು ಕಾರು ಹತ್ತಿದ್ರು. ಯಾಕೆ ಅಂತ ನಾನು ಕೇಳಲಿಲ್ಲ. ನನ್ನ ಮನೆಯ ಕಾಫಿ ಬಿಟ್ಟು ಹೋದವರನ್ನ ನಾನ್ಯಾಕೆ ಕೇಳಲಿ ಅಂದ್ಕೊಂಡೆ. ಒಂದು ಮಾತು... ಒಂದೇ ಮಾತು ಕೇಳಬೇಕಿತ್ತು."

"ಚಿಕ್ಕಪ್ಪ ಹೋದ ವರ್ಷ ತೀರಿಕೊಂಡ್ರು," ಎಂದ ಖಲ್ಫಾನ್. "ಅಮ್ಮನನ್ನ ಬಿಟ್ರೆ ಈಗ ನನ್ನ ಪರವಾಗಿ ಕೇಳೋಕೆ ಹಿರಿಯರು ಯಾರೂ ಇಲ್ಲ."

"ಯಾಕಿಲ್ಲ?" ಗುನ್ವೋರ್ ಬಟ್ಟಲು ಕೆಳಗಿಟ್ಟು ನೆಟ್ಟಗೆ ಕೂತರು. "ನನಗೆ ಎಪ್ಪತ್ತೊಂದು. ಸಾಲದಾ? ಅಂದಹಾಗೆ ಮಗಳೇ, ನಿನ್ನ ಹೆಸರು ಹಾಕಿ, ಇದೇ ಮಾರ್ಗದರ್ಶಿ ಬೇಕು ಅಂತ ಬುಕ್ ಮಾಡಿದ್ದು ಇವನೇ. ನನಗೆ ಆ ಫೋನ್ ಯಂತ್ರದಲ್ಲಿ ಬಸ್ ಟಿಕೆಟ್ ಮಾಡೋಕೂ ಬರಲ್ಲ!"

ಅಫ್ರಾ ಅವನತ್ತ ನೋಡಿದಳು. ಅವನು ಈ ಸಲ ನೆಲ ನೋಡಲಿಲ್ಲ.

"ಒಂದು ಸಲ ನೋಡಿ ಹೋಗೋಣ ಅಂತ ಬಂದೆ," ಎಂದ. "ನೋಡಿದ ಮೇಲೆ ಹೋಗೋಕೆ ಆಗ್ತಿಲ್ಲ."

ಮತರ್ ಎದ್ದರು. ಅಜ್ಜಿಯ ಹೆಗಲು ಬಳಸಿದರು. "ಈ ಕಾಫಿಗೆ ನಾನು 'ಕುಡಿ' ಅಂತ ಹೇಳಲ್ಲ," ಎಂದರು ಮಗಳ ಕಡೆ ತಿರುಗಿ. "ಆರು ವರ್ಷ ಕಾದವಳು ನೀನು. ಹೇಳೋದಿದ್ರೆ ನೀನೇ ಹೇಳು."

ಅಫ್ರಾ ಬಾಗಿ ಅವನ ಮುಂದಿನ ಬಟ್ಟಲು ಎತ್ತಿದಳು. ಖಲ್ಫಾನ್ ತಲೆ ಎತ್ತಿ ನೋಡಿದ.

ಅವಳು ಆ ಕಾಫಿಯನ್ನು ಪಕ್ಕದ ಬೋಗುಣಿಗೆ ಚೆಲ್ಲಿದಳು. "ಇದು ಆರಿ ಹೋಗಿದೆ," ಎಂದಳು. ಹೂಜಿಯಿಂದ ಬಿಸಿ ಕಾಫಿ ಬಗ್ಗಿಸಿ ಅವನ ಕೈಗೇ ಕೊಟ್ಟಳು. "ಕುಡಿ."

ಅವನು ಬಟ್ಟಲು ತುಟಿಗಿಟ್ಟ. ಒಂದೇ ಗುಟುಕಿಗೆ ಕುಡಿದ.

"ಮಂಜಿನ ಕೇಂದ್ರ?" ಎಂದು ಕೇಳಿದಳು ಮೆಲ್ಲಗೆ.

"ಸಹಿ ಹಾಕಲ್ಲ. ನೇಪಾಳದಿಂದ ತಿಂಗಳಲ್ಲಿ ಬರ್ತೀನಿ. ಅಮ್ಮನನ್ನ ಕರ್ಕೊಂಡು ಬರ್ತೀನಿ."

"ಬಂದಾಗ ಅಜ್ಜಿ ಧೂಪ ತರ್ತಾಳೆ."

"ತರಲಿ. ಅವಳ ಪಕ್ಕ ಕೂತು ನಾನೂ ಅಜ್ಜನಿಗೆ ಕಾಯ್ತೀನಿ."

ಅವಳು ಮತ್ತೆ ತುಂಬಿದಳು. ಅವನು ಕುಡಿದು ಬಟ್ಟಲು ಮುಂದೆ ಚಾಚಿದ. ಮತ್ತೆ ತುಂಬಿದಳು. ಮತ್ತೆ ಚಾಚಿದ.

"ಸಾಕಾದ್ರೆ ಅಲುಗಿಸಬೇಕು," ಎಂದಳು ಅಳುತ್ತಲೇ ನಗುತ್ತಾ. "ಮಂಜಿನಲ್ಲಿದ್ದು ಅದೂ ಮರೆತುಹೋಯ್ತಾ?"

"ಮರೆತಿಲ್ಲ," ಎಂದ ಖಲ್ಫಾನ್.

ಬಟ್ಟಲನ್ನು ಒಂದಿಷ್ಟೂ ಅಲುಗದಂತೆ, ಎರಡೂ ಕೈಯಲ್ಲಿ ಹಿಡಿದುಕೊಂಡ.